ಹತ್ತನೆಯ ತರಗತಿಯ ಇಂಗ್ಲಿಷ್ ಕವಿತೆಯನ್ನು ಹೇಗೆ ಓದಿಸಲಿ?

ಪ್ರಶ್ನೆ (ಡೊಂಬಿವಲಿ): ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮಗಳು ಇಂಗ್ಲಿಷ್ ವ್ಯಾಕರಣವನ್ನು ಚೆನ್ನಾಗಿ ಬಲ್ಲಳಾದರೂ, ಕವಿತೆಯ ರಸಾಸ್ವಾದ ಬರೆಯಬೇಕಾದಾಗ ಗೈಡಿನ ಸಾಲುಗಳನ್ನೇ ಬಾಯಿಪಾಠ ಮಾಡಿ ಒಪ್ಪಿಸುತ್ತಾಳೆ. ದಾರಿ ತಿಳಿಸುವಿರಾ?

ಉತ್ತರ (ವಡಾಳ, ನಿವೃತ್ತ ಶಿಕ್ಷಕ): ಅಮ್ಮಾ, ಕನ್ನಡದಲ್ಲಿ ಅವಳು ಕಲಿತಿರುವ ಉಪಮೆ, ರೂಪಕ, ಅನುಪ್ರಾಸಗಳಿಂದಲೇ ಆರಂಭಿಸಿರಿ. ಕವಿತೆಯನ್ನು ಗಟ್ಟಿಯಾಗಿ ಓದಿಸುವುದು ಅತ್ಯಗತ್ಯ. ಏಕೆಂದರೆ ಇಂಗ್ಲಿಷ್ ಬರಹದಲ್ಲಿ ಒಂದೇ ರೀತಿ ಮುಗಿಯುವ ‘ಲವ್’ (love), ‘ಮೂವ್’ (move) ಪದಗಳು ಕಿವಿಗೆ ಪ್ರಾಸವಾಗುವುದಿಲ್ಲ, ಬೇರೆ ಕಾಗುಣಿತದ ‘ಸ್ಕೈ’ (sky), ‘ಹೈ’ (high) ಪದಗಳು ಆಗುತ್ತವೆ. ಗೈಡನ್ನು ಕೊನೆಗೆ ತೆರೆದರೆ ಸಾಕು.

ಉತ್ತರ (ಠಾಣೆ): ಮಹಾರಾಷ್ಟ್ರ ಪರೀಕ್ಷಾ ಮಂಡಳಿಯಲ್ಲಿ ಇಂಗ್ಲಿಷ್ ವಿಷಯದ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಗಟ್ಟಿಯಾಗಿ ಓದುವ ಅಭ್ಯಾಸ ಎರಡಕ್ಕೂ ನೆರವಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು ಸರ್. ಇಂದು ರಾತ್ರಿಯೇ ಅವಳ ಜೊತೆ ಕುಳಿತು ಓದುತ್ತೇನೆ.