ತೋಡಿನ ತಡೆಗೋಡೆಗೆ ಅನುಮೋದನೆ: ಬೈಲುಮನೆ ಕುಟುಂಬದ ಗುಂಪಿನಲ್ಲಿ

[ಪ್ರಶಾಂತ ಹಂಚಿಕೊಂಡ ಪತ್ರಿಕೆಯ ತುಣುಕು: ಉದ್ಯಾವರ ಹೊಳೆ ಸೇರುವ ನಮ್ಮ ಬೈಲಿನ (ತಗ್ಗು ಗದ್ದೆಗಳ ಜಾಗದ) ತೋಡಿಗೆ, ಅಂದರೆ ಹಳ್ಳಕ್ಕೆ, ನೆರೆ ತಡೆಯುವ ಗೋಡೆ, ಸರಕಾರದ ಆಡಳಿತಾತ್ಮಕ ಅನುಮೋದನೆ]

ಪ್ರಶಾಂತ: ಎಲ್ಲರಿಗೂ ನಮಸ್ಕಾರ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿ ಮಾಳಿಗೆಗೆ ಸಾಗಿಸಿದ್ದನ್ನು ನೆನೆದರೆ, ಈ ಸುದ್ದಿಗೆ ಮನೆಯಲ್ಲಿ ಒಂದು ಪಾಯಸ ಆಗಲೇಬೇಕು.

ದೊಡ್ಡಪ್ಪ: ಪಾಯಸಕ್ಕೆ ಅವಸರ ಬೇಡ ಮಗಾ. ನಿವೃತ್ತಿಯ ತನಕ ಇಂಥ ಕಡತಗಳನ್ನೇ ಹೊತ್ತವನಾಗಿ ಹೇಳುತ್ತೇನೆ, ಆಡಳಿತಾತ್ಮಕ ಅನುಮೋದನೆ ಎಂದರೆ ಈ ಕೆಲಸವನ್ನು ಇಷ್ಟು ಮೊತ್ತದೊಳಗೆ ಕೈಗೊಳ್ಳಬಹುದು ಎಂದು ಸರಕಾರ ಒಪ್ಪಿದ್ದು ಮಾತ್ರ. ಇನ್ನು ವಿವರವಾದ ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ ಸಿಗಬೇಕು, ಟೆಂಡರ್ ಆಗಬೇಕು, ಗುತ್ತಿಗೆದಾರನಿಗೆ ಕಾರ್ಯಾದೇಶ ಕೊಡಬೇಕು; ಹಣವೂ ಒಂದೇ ಗಂಟಾಗಿ ಬರುವುದಿಲ್ಲ. ನೀನು ಹಾಕಿದ ತುಣುಕಿನಲ್ಲಿ ಅದು ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದೇ ಇಲ್ಲ.

ಪ್ರಶಾಂತ: ದೊಡ್ಡಪ್ಪ, ವಿಪತ್ತಿನ ಹಣದಲ್ಲಿಯೇ ಇದಕ್ಕೆ ದಾರಿ ಇದೆಯಲ್ಲ? 15ನೇ ಹಣಕಾಸು ಆಯೋಗವು ರಾಜ್ಯದ ವಿಪತ್ತು ನಿಧಿಯಲ್ಲಿ ಶೇಕಡಾ 80ನ್ನು ಪರಿಹಾರ ಮತ್ತು ಪುನಶ್ಚೇತನದಂಥ ಕೆಲಸಗಳಿಗೂ, ಉಳಿದ 20ನ್ನು ಅನಾಹುತ ಆಗುವ ಮುಂಚೆಯೇ ತಗ್ಗಿಸುವ ಕಾಮಗಾರಿಗಳಿಗೂ ಮೀಸಲಿಡಲು ಹೇಳಿತ್ತು.

ದೊಡ್ಡಪ್ಪ: ದಾರಿ ಇದೆ ಎನ್ನುವುದೂ ಆ ದಾರಿಯಲ್ಲಿ ಹಣ ಹೊರಟಿದೆ ಎನ್ನುವುದೂ ಬೇರೆ ಬೇರೆ.

ಸುಮತಿ ಅತ್ತೆ: ಅಣ್ಣ, ನೀವು ಮಣಿಪಾಲದ ಗುಡ್ಡದ ಮೇಲೆ ಕುಳಿತು ಕಡತದ ಮಾತು ಆಡುತ್ತೀರಿ. ಆಟಿ ತಿಂಗಳ ಮಳೆಯಲ್ಲಿ ರಾತ್ರಿಯಿಡೀ ಟಾರ್ಚ್ ಹಿಡಿದು, ನೀರು ಎಷ್ಟು ಮೆಟ್ಟಿಲು ಏರಿತೆಂದು ಎಣಿಸುವವರು ನಾವು. ಗೋಡೆ ಯಾವ ಶೀರ್ಷಿಕೆಯಲ್ಲಿ ಬಂದರೇನು, ಬಂದರೆ ಸಾಕು.

ವಿದ್ಯಾ: ಅತ್ತೆ, ತೋಡಿನ ಪಕ್ಕದಲ್ಲಿ ಇರುವವಳು ನಾನೂ ಹೌದು, ಆದರೂ ನನಗೆ ಈ ಗೋಡೆಯ ಮೇಲೆ ಪೂರ್ತಿ ಭರವಸೆ ಬರುತ್ತಿಲ್ಲ. ತುಣುಕಿನ ಪ್ರಕಾರ ಗೋಡೆ ಕಟ್ಟುವುದು ರಸ್ತೆಯ ಸೇತುವೆಯಿಂದ, ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ವರೆಗೆ ಮಾತ್ರ. ನಮ್ಮಲ್ಲಿ ನೀರು ನಿಲ್ಲುವುದಕ್ಕೆ ಕಾರಣ ಇರುವುದು ಅದರ ಕೆಳಗೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರ ಹೆಚ್ಚಿ ಹೊಳೆಯ ನೀರು ತೋಡಿನೊಳಗೇ ತಳ್ಳುತ್ತಿರುವಾಗ ಮೇಲಿನಿಂದಲೂ ಮಳೆ ಸುರಿದರೆ, ಎರಡೂ ಎದುರಾಗಿ ಹರಡುವುದು ನಮ್ಮ ಅಂಗಳಕ್ಕೆ. ಕಿಂಡಿಯ ಹಲಗೆಗಳನ್ನು ಮಳೆಗಾಲಕ್ಕೆ ಮೊದಲು ತೆಗೆಯದೆ ಬಿಟ್ಟ ವರ್ಷ ಕಸವೂ ಬಿದಿರಿನ ಮುಳ್ಳೂ ಅಲ್ಲಿಯೇ ಸಿಕ್ಕಿಕೊಂಡಿದ್ದವು. ಮೇಲೆ ಗೋಡೆ ಕಟ್ಟಿ ನೀರಿಗೆ ಓಟ ಕೊಟ್ಟು, ಕೆಳಗೆ ಹೂಳು ಹಾಗೆಯೇ ಬಿಟ್ಟರೆ, ನಮ್ಮ ನೀರು ಕೆಳಗಿನ ಮನೆಯವರ ಜಗಲಿಗೆ ಹೋಗುತ್ತದೆ, ಅಷ್ಟೆ.

ದೊಡ್ಡಪ್ಪ: ವಿದ್ಯಾ ಹೇಳಿದ್ದು ಸರಿ. ಅದರ ಜೊತೆಗೆ ಇನ್ನೊಂದು ತೊಡಕು, ಉಬ್ಬರದ ನೀರು ಬರುವ ತೋಡಾದ್ದರಿಂದ ಕರಾವಳಿ ನಿಯಂತ್ರಣ ವಲಯದ ಅನುಮತಿಯೂ ಬೇಕಾಗಬಹುದು. 2019ರ ಅಧಿಸೂಚನೆಯ ಪ್ರಕಾರ ಇಂಥ ಜಲಮೂಲದ ದಡದಲ್ಲಿ ಉಬ್ಬರದ ರೇಖೆಯಿಂದ 50 ಮೀಟರ್ ಅಥವಾ ತೋಡಿನ ಅಗಲ, ಇವೆರಡರಲ್ಲಿ ಕಡಿಮೆಯಾದದ್ದು ವಲಯಕ್ಕೆ ಸೇರುತ್ತದೆ.

ಪ್ರಶಾಂತ: ಹಾಗಾದರೆ ಅಗಲ ಎಷ್ಟು ಎಂಬುದೇ ಮುಖ್ಯವಾಯಿತು. ಅದನ್ನು ಅಳೆದಿದ್ದಾರೆಯೇ?

ವಿದ್ಯಾ: ಈಗಿರುವುದನ್ನು ಅಳೆದರೆ ಪ್ರಯೋಜನವಿಲ್ಲ ಪ್ರಶಾಂತಣ್ಣ. ಇಂದ್ರಾಳಿಯಿಂದ ಬರುವ ಇಂದ್ರಾಣಿ ಹೊಳೆಯನ್ನು ಉಡುಪಿಯ ಕಲ್ಸಂಕದಲ್ಲಿ ನೋಡಿ, ಎರಡೂ ಕಡೆ ಕಟ್ಟಡಗಳು ಒತ್ತಿಕೊಂಡು ಬಂದು ಹೊಳೆ ಚರಂಡಿಯಂತಾಗಿದೆ. 2020ರ ಆ ಮಳೆಯಲ್ಲಿ ಉಡುಪಿ ಪೇಟೆಯೊಳಗೇ ನೀರು ನುಗ್ಗಿತು. ನಮ್ಮ ಬೈಲಿನಲ್ಲಿಯೂ ಆದದ್ದು ಅದೇ. ಬೇಸರ ಮಾಡಿಕೊಳ್ಳಬೇಡಿ, ಕೆಳಗಿನ ಎರಡು ಬೈಲು ಗದ್ದೆಗಳನ್ನು ಮಾರಿದವರು ನಾವೇ, ಕೊಂಡವರು ಕೆಂಪು ಮಣ್ಣು ತುಂಬಿಸಿ ನಿವೇಶನ ಮಾಡಿದರು. ಮಳೆಯ ನೀರು ಹಿಂದೆ ನಾಲ್ಕು ದಿನ ನಿಂತು ಇಂಗುತ್ತಿದ್ದ ಜಾಗ ಅದು.

ಸುಮತಿ ಅತ್ತೆ: ಅದನ್ನು ಮಾರಿದ್ದು ನಿನ್ನ ಅಪ್ಪನ ಆಸ್ಪತ್ರೆಯ ಖರ್ಚಿಗೆ ಎಂಬುದನ್ನೂ ಬರೆಯಬಹುದಿತ್ತು.

ವಿದ್ಯಾ: ಬರೆಯಬೇಕಿತ್ತು, ತಪ್ಪಾಯಿತು ಅತ್ತೆ. ಮಾರಿದ್ದನ್ನು ನಾನು ದೂರುತ್ತಿಲ್ಲ. ತೋಡಿನ ಹಳೆಯ ಅಗಲ ಎಷ್ಟು ಎಂದು ಮೊದಲು ಗುರುತು ಹಾಕಿ, ಆಮೇಲೆ ಗೋಡೆಯ ಗೆರೆ ಎಳೆಯಲಿ ಎನ್ನುತ್ತಿದ್ದೇನೆ. ಒತ್ತುವರಿಯಾದ ಗಡಿಯ ಮೇಲೆಯೇ ಕಾಂಕ್ರೀಟು ನಿಂತರೆ ಅದನ್ನು ಸರಕಾರವೇ ಖಾಯಂ ಮಾಡಿಕೊಟ್ಟಂತಾಗುತ್ತದೆ.

ದೊಡ್ಡಪ್ಪ: ಅಜ್ಜನ ಕಾಲದ ಎಫ್‌ಎಂಬಿ ನಕ್ಷೆಯ, ಅಂದರೆ ಜಮೀನಿನ ಅಳತೆಯ ಸರ್ವೆ ನಕ್ಷೆಯ, ಪ್ರತಿ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಾಳೆ ಫೋಟೋ ಕಳುಹಿಸುತ್ತೇನೆ. ಟೆಂಡರ್ ಕರೆಯುವ ಮೊದಲು, ಸರ್ವೆ ಮಾಡಿಸಿ ಕಿಂಡಿಯ ಕೆಳಗಿನ ಹೂಳನ್ನೂ ಅಂದಾಜಿಗೆ ಸೇರಿಸಿ ಎಂದು ಎಲ್ಲರೂ ಸಹಿ ಹಾಕಿ ಮನವಿ ಕೊಡೋಣ.

ಸುಮತಿ ಅತ್ತೆ: ಸಹಿ ನಾನೂ ಹಾಕುತ್ತೇನೆ. ಆದರೆ ಅಣ್ಣ, ಆ ನಕ್ಷೆಯ ಪ್ರಕಾರ ನಮ್ಮ ಹಿತ್ತಿಲ ಪಾಗಾರದ ಗೋಡೆಯೇ ತೋಡಿನೊಳಗೆ ಇದ್ದರೆ?

ದೊಡ್ಡಪ್ಪ: ಇದ್ದರೂ ಇರಬಹುದು. ಅದನ್ನು ನಾನೇ ನಿಂತು ಕಟ್ಟಿಸಿದ್ದು, ಆಗ ಅಳೆಸಿರಲಿಲ್ಲ.