ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಹಳೆಯ ರಿಕರ್ವ್ ಬಿಲ್ಲು: ಹೆದೆ ಏರಿಸುವ ಮುಂಚೆ ಏನೇನು ನೋಡಬೇಕು?

ಮಿಷಿಗನ್_ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ. ಪಕ್ಕದ ಊರಿನ ಒಂದು ಗ್ಯಾರೇಜ್ ಸೇಲ್‌ನಲ್ಲಿ ಬೇರ್ ಕಂಪನಿಯ ಹಳೆಯ ಕೋಡಿಯಾಕ್ ಹಂಟರ್ ಸಿಕ್ಕಿತು, ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು. ಮಾರಿದ ಅಜ್ಜನ ಅಣ್ಣನದಂತೆ, ವರ್ಷಗಟ್ಟಲೆ ಗ್ಯಾರೇಜಿನ ಗೋಡೆ ಮೇಲೇ ಇತ್ತಂತೆ. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ 60 ಇಂಚು, 45 ಪೌಂಡ್ (ಎಳೆಯಲು ಬೇಕಾದ ಜೋರು) ಅಂತ ಬರೆದಿದೆ. ಹಿಡಿಯ ಬದಿಯಲ್ಲಿ ದುಂಡಗಿನ ಲೋಹದ ಬಿಲ್ಲೆ ಇದೆ, ಗ್ರೇಲಿಂಗ್ ಅಂತ ಊರಿನ ಹೆಸರೂ ಇದೆ. ಜೊತೆಗೆ ಒಂದು ಹಳೆಯ ಹೆದೆ, ಒಂದಷ್ಟು ಮರದ ಬಾಣ ಪುಕ್ಕಟೆ ಕೊಟ್ಟರು.

ಇಲ್ಲಿನ ಕ್ಲಬ್ಬಿನ 25 ಪೌಂಡಿನ ಬಿಲ್ಲಿನಲ್ಲಿ ಸ್ವಲ್ಪ ಅಭ್ಯಾಸ ಇದೆ, ಅಷ್ಟೇ. ಈಗ ಎರಡು ಅನುಮಾನ. ವಾರ್ನಿಶ್ ಒಳಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ, ಹೆಚ್ಚಿನವು ಉದ್ದಕ್ಕೆ ಇವೆ. ಅದು ಬಿರುಕಾ ಅಥವಾ ಸುಮ್ನೆ ಬಣ್ಣದ ಸಮಸ್ಯೆಯಾ? ಎರಡನೆಯದು, ಕೆಳಗಿನ ಲಿಂಬ್ ಒಂಚೂರು ತಿರುಚಿಕೊಂಡ ಹಾಗೆ ಕಾಣುತ್ತದೆ, ನನ್ನ ಭ್ರಮೆಯೂ ಇರಬಹುದು. ಈ ಶನಿವಾರ ಹೊಡೆದು ನೋಡೋಣ ಅಂದುಕೊಂಡಿದ್ದೇನೆ. ಬಲ್ಲವರು ಹೇಳಿ.

ಬತ್ತಳಿಕೆ:

ಒಳ್ಳೆ ಮಾಲೇ ಸಿಕ್ಕಿದೆ ಗುರು. ಆ ಬಿಲ್ಲೆಯ ಮೇಲೆ ಬೆರಳು ಆಡಿಸಿ ನೋಡಿ. ಮರದ ಜೊತೆ ಸಮವಾಗಿ ಕೂತಿದ್ದರೆ 1972 ಅಥವಾ ಅದಕ್ಕೂ ಹಿಂದಿನದು, ಉಬ್ಬಿಕೊಂಡಿದ್ದರೆ 1973ರಿಂದ ಈಚಿನದು. ಫ್ರೆಡ್ ಬೇರ್ ಕಂಪನಿ 1947ರಲ್ಲಿ ನಿಮ್ಮ ಮಿಷಿಗನ್‌ನ ಗ್ರೇಲಿಂಗ್‌ಗೆ ಬಂತು, 1978ರಲ್ಲಿ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಹಾಗಾಗಿ ನಿಮ್ಮ ಕೈಲಿರುವುದಕ್ಕೆ ಅರ್ಧ ಶತಮಾನದ ಹತ್ತಿರ ವಯಸ್ಸಾಗಿದೆ ಅಂತಿಟ್ಟುಕೊಳ್ಳಿ. ಶನಿವಾರದ ಆತುರ ಬಿಡಿ.

ಮೊದಲ ಕೆಲಸ ಹೆದೆ ಇಲ್ಲದೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿಸಿ, ಬಿಸಿಲು ಬೀಳುವ ಕಿಟಕಿ ಹತ್ತಿರ ಕೂತು ನೋಡಿ. ಆಮೇಲೆ ಹತ್ತಿ ಉಂಡೆ ತೆಗೆದುಕೊಂಡು ಎರಡೂ ಲಿಂಬ್‌ನ ಅಂಚುಗಳ ಮೇಲೆ ಹಿಡಿಯಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಫೈಬರ್‌ಗ್ಲಾಸ್ ನಾರು ಎದ್ದಿದೆ ಅಂತ ಅರ್ಥ. ಬರಿಗೈಯಲ್ಲಿ ಸವರಬೇಡಿ, ಗಾಜಿನ ಸಿಬಿರು ಚರ್ಮದೊಳಗೆ ಹೋದರೆ ತೆಗೆಯುವುದು ದೊಡ್ಡ ರಗಳೆ.

ಗೆರೆಗಳ ವಿಷಯ. ಈ ಬಿಲ್ಲುಗಳಲ್ಲಿ ಮರದ ತೆಳು ಪಟ್ಟಿಯ ಹಿಂದೆ ಮುಂದೆ ಫೈಬರ್‌ಗ್ಲಾಸ್ ಪದರ ಅಂಟಿಸಿರುತ್ತಾರೆ, ಅದರ ನಾರುಗಳು ಲಿಂಬ್‌ನ ಉದ್ದಕ್ಕೆ ಓಡುತ್ತವೆ, ಎಳೆದಾಗ ಬರುವ ಜೋರನ್ನೆಲ್ಲ ತಡೆಯುವುದು ಆ ನಾರುಗಳೇ, ಆದ್ದರಿಂದ ಉದ್ದಕ್ಕೆ ಇರುವ ಕೂದಲೆಳೆಯಂಥ ಗೆರೆ ಅಂದರೆ ನಾರಿನ ಪಕ್ಕದಲ್ಲಿ ಏನೋ ಸಡಿಲಾಗಿದೆ ಅಷ್ಟೇ, ಅಡ್ಡಕ್ಕೆ ಇರುವ ಗೆರೆ ಅಂದರೆ ನಾರೇ ತುಂಡಾಗಿರಬಹುದು. ಆ ಕಾಲದ ಬೇರ್ ಬಿಲ್ಲುಗಳಲ್ಲಿ ಉದ್ದ ಗೆರೆಗಳು ತೀರಾ ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಡ್ಡ ಗೆರೆ ಕಂಡರೆ ಮಾತ್ರ ಉಗುರು ಎಳೆದು ನೋಡಿ. ಉಗುರಿಗೆ ಸಿಗದಿದ್ದರೆ ಬಹುಶಃ ವಾರ್ನಿಶ್ ಒಡೆದದ್ದು. ಉಗುರು ತಡೆದರೆ, ಅದೂ ಲಿಂಬ್ ಹೆಚ್ಚು ಬಾಗುವ ಜಾಗದಲ್ಲಿ ಆದರೆ, ಆ ಬಿಲ್ಲು ಗೋಡೆಗೇ ಚೆಂದ.

ಇನ್ನೊಂದು ಮುಖ್ಯ ಜಾಗ ಅಂದರೆ ಲಿಂಬ್ ಹಿಡಿಯ ಮರದೊಳಗೆ ಸೇರಿಕೊಳ್ಳುವ ಕಡೆ. ಹಿಡಿ ಬಾಗುವುದಿಲ್ಲ, ಲಿಂಬ್ ಬಾಗುತ್ತದೆ, ಎರಡರ ಜಗಳ ನಡೆಯುವುದು ಅಲ್ಲೇ. ಅಂಟಿನ ಗೆರೆಗೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಕಪ್ಪು ಸಂದು, ಬಿಳಿ ಮಚ್ಚೆ, ತೆಳು ಕಾಗದ ನುಗ್ಗುವಷ್ಟು ಬಾಯಿ ಬಿಟ್ಟ ಜಾಗ ಇದ್ದರೆ ಪದರ ಬಿಡುತ್ತಿದೆ ಅಂತ. ಅದನ್ನು ಮನೆಯಲ್ಲಿ ಅಂಟು ಹಾಕಿ ಸರಿ ಮಾಡಲು ಹೋಗಬೇಡಿ, ಬಿಲ್ಲು ಮಾಡುವವರಿಗೇ ತೋರಿಸಿ. ತುದಿಯ ಕಚ್ಚುಗಳನ್ನೂ ನೋಡಿ, ಅಲ್ಲಿ ಚೂಪಾದ ಅಂಚು ಇದ್ದರೆ ಹೊಸ ಹೆದೆಯನ್ನೂ ತಿಂದುಹಾಕುತ್ತದೆ. ಹಿಂದಿನವರು ಸೈಟೋ (ಗುರಿ ನೋಡುವ ಸಾಧನ) ಬತ್ತಳಿಕೆಯೋ ಕೂರಿಸಲು ಹಿಡಿಯಲ್ಲಿ ತೂತು ಕೊರೆದಿದ್ದಾರಾ ಅಂತಲೂ ನೋಡಿ. ಹಿಡಿಯ ದಪ್ಪ ಭಾಗದಲ್ಲಿ ಸ್ಕ್ರೂ ತೂತು ಇದ್ದರೆ ಬೆಲೆ ಕಮ್ಮಿ ಆಗುತ್ತದೆ, ಬಿಲ್ಲು ಬದುಕುತ್ತದೆ. ಲಿಂಬ್‌ನಲ್ಲೇ ಕೊರೆದಿದ್ದರೆ ನಮಸ್ಕಾರ ಹೇಳಿ.

ಬಳ್ಳಾರಿ_ಬಿಸಿಲು:

ಮೇಲಿನವರು ಹೇಳಿದ್ದು ಎಲ್ಲ ಸರಿ. ನಾನು ಹೆದೆ ಬಗ್ಗೆ ಹೇಳುತ್ತೇನೆ.

ಅಜ್ಜ ಕೊಟ್ಟ ಹೆದೆಯನ್ನು ನೆನಪಿಗೆ ಇಟ್ಟುಕೊಳ್ಳಿ, ಬಿಲ್ಲಿಗೆ ಹಾಕಬೇಡಿ. ಹೊಡೆಯುವಾಗ ಹೆದೆ ತುಂಡಾದರೆ ಲಿಂಬ್‌ಗೆ ಬೀಳುವ ಏಟು ಬಾಣ ಇಲ್ಲದೆ ಹೆದೆ ಬಿಟ್ಟಾಗ ಬೀಳುವ ಏಟಿನ ಹಾಗೆಯೇ. ಎರಡರಲ್ಲೂ ಬಾಣಕ್ಕೆ ಹೋಗಬೇಕಾದ ಶಕ್ತಿ ಎಲ್ಲ ಬಿಲ್ಲಿಗೇ ವಾಪಸ್ ಬರುತ್ತದೆ. ಹೊಸ ಹೆದೆಗೆ ಅಂಥ ದುಡ್ಡೇನೂ ಆಗುವುದಿಲ್ಲ. ಕೇಳುವಾಗ 60 ಇಂಚಿನ ಎಎಂಒ (ಬಿಲ್ಲಿನ ಉದ್ದ ಹೇಳುವ ಅಳತೆ ಪದ್ಧತಿ) ರಿಕರ್ವ್‌ಗೆ ಡೇಕ್ರಾನ್ ಬಿ-50 ದಾರದ ಹೆದೆ ಅಂತ ಕೇಳಿ. ಅಳೆದಾಗ ಹೆದೆ ಬಿಲ್ಲಿಗಿಂತ 3 - 4 ಇಂಚು ಗಿಡ್ಡ ಇರುತ್ತದೆ, ತಪ್ಪು ಕಳಿಸಿದ್ದಾರೆ ಅಂತ ಗಾಬರಿ ಆಗಬೇಡಿ. ಅಂಗಡಿಯವರು ಫಾಸ್ಟ್ ಫ್ಲೈಟ್ ಅನ್ನುವ ದಾರದ ಹೆದೆ ತಗೊಳ್ಳಿ, ಬಾಣ ಜೋರಾಗಿ ಹೋಗುತ್ತದೆ ಅನ್ನಬಹುದು. ಅದು ಹಿಗ್ಗುವುದೇ ಇಲ್ಲ ಅನ್ನುವಷ್ಟು ಬಿಗಿ. ಹೊಸ ಬಿಲ್ಲುಗಳ ತುದಿಯನ್ನು ಅದಕ್ಕೆ ಅಂತಲೇ ಗಟ್ಟಿ ಮಾಡಿರುತ್ತಾರೆ, ಹಳೆಯದಕ್ಕೆ ಹಾಕಿದರೆ ತುದಿಯನ್ನೇ ಸೀಳಿಬಿಡಬಹುದು. ಡೇಕ್ರಾನ್ ಸ್ವಲ್ಪ ಹಿಗ್ಗುತ್ತದೆ, ಆ ಹಿಗ್ಗೇ ಬಿಲ್ಲನ್ನು ಕಾಯುವುದು.

ಹೆದೆ ಏರಿಸಲು ಸ್ಟ್ರಿಂಗರ್ ಹಗ್ಗ ತಗೊಳ್ಳಿ. ಕಾಲು ಸಂದಿನಲ್ಲಿ ಬಿಲ್ಲು ತೂರಿಸಿ ತೊಡೆಗೆ ಒತ್ತಿ ಬಗ್ಗಿಸುವುದನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ, ಲಿಂಬ್ ತಿರುಚಿಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಶ್ರೀರಾಮ ಹೆದೆ ಏರಿಸಲು ಹೋಗಿ ಬಿಲ್ಲು ಮುರಿದರೆ ಸೀತೆ ಸಿಕ್ಕಳು, ನೀವು ಮುರಿದರೆ ಏನೂ ಸಿಗುವುದಿಲ್ಲ :) ಏರಿಸುವಾಗ ಮುಖವನ್ನು ಲಿಂಬ್ ನೇರಕ್ಕೆ ತರಬೇಡಿ, ಕನ್ನಡಕ ಹಾಕಿಕೊಳ್ಳಿ. ಹಗ್ಗದ ಬಿಗಿ ಬಿಡುವ ಮೊದಲು ಎರಡೂ ಕುಣಿಕೆ ಕಚ್ಚಿನಲ್ಲಿ ಸರಿಯಾಗಿ ಕೂತಿವೆಯಾ ಅಂತ ಎರಡು ಸಲ ನೋಡಿ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಜಾಸ್ತಿ ಬೇಕಾದದ್ದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಲ್ಲು ಬಿಡಬೇಡಿ. ಹೊರಗೆ 40 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ 60 ದಾಟಬಹುದು, ಪದರಗಳ ಅಂಟು ಸೋಲುವುದು ಅಂಥ ಕಡೆಯೇ. ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ನಾನು ಬಿಲ್ಲನ್ನು ಡಿಕ್ಕಿಯಲ್ಲಿ ಇಡುವುದೇ ಇಲ್ಲ. ನಿಮ್ಮ ಗ್ಯಾರೇಜ್ ಕಥೆಯಲ್ಲಿ ನನಗೆ ಅನುಮಾನ ಇರುವುದೂ ಅದೇ, ಅಷ್ಟು ವರ್ಷದ ಬೇಸಿಗೆ ಚಳಿಗಾಲ ಎಲ್ಲ ಅದು ಅಲ್ಲೇ ಕಳೆದಿದೆ. ಅಂಟಿನ ಗೆರೆಯನ್ನು ಇನ್ನೊಂದು ಸಲ ನೋಡಿ.

ಕುಡ್ಲದ_ಗುರಿ:

ನನ್ನದು ಬೇರೆ ಥರದ ಅನುಭವ, ಇಲ್ಲಿ ಓದುವ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ಹಾಕುತ್ತೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕುದುರೆ ಸವಾರರ ಬಿಲ್ಲು, ಅದೇ ಹಾರ್ಸ್‌ಬೋ, ತಗೊಳ್ಳುವವರು ಜಾಗ್ರತೆ ಮಾರಾಯ್ರೆ. ಅದಕ್ಕೆ ಚರ್ಮ ಸುತ್ತಿರುತ್ತಾರೆ, ಒಳಗೆ ಲಿಂಬ್ ಸೀಳಿದ್ದರೂ ಕಾಣುವುದಿಲ್ಲ. ಬೇರ್ ಬಿಲ್ಲಿನಲ್ಲಿ ಎಲ್ಲ ಕಣ್ಣಿಗೆ ಬೀಳುತ್ತದೆ, ಅದು ದೊಡ್ಡ ಲಾಭ. ಚರ್ಮದ ಬಿಲ್ಲಾದರೆ ಉದ್ದಕ್ಕೂ ಹೆಬ್ಬೆರಳು ಒತ್ತಿ ಉಬ್ಬು, ಮೆತ್ತಗಿನ ಜಾಗ ಹುಡುಕಬೇಕು, ಮೆಲ್ಲಗೆ ಬಗ್ಗಿಸಿ ಕಿವಿ ಕೊಡಬೇಕು. ಚರ್ಮದ ಕಿರ್ ಕಿರ್ ಪರವಾಗಿಲ್ಲ. ಟಕ್ ಅಂತ ಒಂದು ಸಲ ಕೇಳಿದರೂ ನಾನು ತಗೊಳ್ಳುವುದಿಲ್ಲ.

ಬರೀ ಮರದ್ದೋ ಬಿದಿರಿನದ್ದೋ ಆದರೆ ನಮ್ಮ ಕಡೆಗೆ ಇರುವ ಮುಖವನ್ನು ನೋಡಿ. ಎಳೆದಾಗ ಆ ಮುಖ ಒತ್ತಡಕ್ಕೆ ಸಿಗುತ್ತದೆ. ಸೋತ ಮರದಲ್ಲಿ ಅಲ್ಲಿ ಅಡ್ಡಕ್ಕೆ ಸಣ್ಣ ಸುಕ್ಕುಗಳು ಬಿದ್ದಿರುತ್ತವೆ, ಅದು ಪಾಲಿಶ್ ಹಾಕಿದರೆ ಹೋಗುವಂಥದ್ದಲ್ಲ. ಇನ್ನು ಕರಾವಳಿಯ ಮಳೆಗಾಲದಲ್ಲಿ ಬರೀ ಮರದ ಬಿಲ್ಲು ತೇವ ಕುಡಿದು ಮೆತ್ತಗಾಗುತ್ತದೆ. ನಾನು ಗೋಡೆಗೆ ತಾಗಿಸಿ ಇಡುವುದಿಲ್ಲ, ಹೆದೆ ಇಳಿಸಿ ಎರಡು ಗೂಟದ ಮೇಲೆ ಅಡ್ಡಡ್ಡ ಮಲಗಿಸುತ್ತೇನೆ. ಮೂಲೆಯಲ್ಲಿ ತುದಿ ಊರಿ ನಿಲ್ಲಿಸಿದರೆ ಕೆಳಗಿನ ಲಿಂಬ್ ಕೈ ಕೊಡುತ್ತದೆ. ನಿಮ್ಮದರಲ್ಲೂ ತಿರುಚಿದ್ದು ಕೆಳಗಿನ ಲಿಂಬೇ ಅಲ್ವಾ?

ತಿರುಚಿದ ಬಿಲ್ಲಿಗೆ ದುಡ್ಡು ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ನೀವು ಕಮ್ಮಿಗೆ ತಗೊಂಡಿರಬೇಕು, ಇರಲಿ.

ಮಿಷಿಗನ್_ಮಂಡ್ಯ:

ಎಲ್ಲರಿಗೂ ಥ್ಯಾಂಕ್ಸ್. ಹೊಸ ಡೇಕ್ರಾನ್ ಹೆದೆ, ಸ್ಟ್ರಿಂಗರ್ ಎರಡೂ ತರಿಸಿದೆ. ಬಿಲ್ಲೆ ಸಮವಾಗಿಯೇ ಇದೆ. ಹತ್ತಿ ಒಂದೇ ಕಡೆ ಸಿಕ್ಕಿಕೊಂಡಿತು, ಮೇಲಿನ ಲಿಂಬ್‌ನ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಉದ್ದ, ಉದ್ದಕ್ಕೇ ಇದೆ. ಅಡ್ಡ ಗೆರೆ ಎಲ್ಲೂ ಇಲ್ಲ. ಅಂಟಿನ ಗೆರೆಯಲ್ಲಿ ಕಾಗದ ಎಲ್ಲೂ ಹೋಗಲಿಲ್ಲ. ಆದರೆ ಹೆದೆ ಏರಿಸಿ ತುದಿಯ ಕಡೆಯಿಂದ ನೋಡಿದರೆ ಕೆಳಗಿನ ಲಿಂಬ್‌ನಲ್ಲಿ ಹೆದೆ ಕೂರಲು ಕೊರೆದಿರುವ ನಡುವಿನ ಜಾಡಿನಿಂದ ಹೆದೆ ಸ್ವಲ್ಪ ಎಡಕ್ಕೆ ಹೋಗುತ್ತದೆ, ಜಾಡು ಬಿಟ್ಟು ಪೂರ್ತಿ ಆಚೆಗೆ ಹೋಗಿಲ್ಲ. ಇಲ್ಲಿಗೇ ನಿಲ್ಲಿಸಬೇಕಾ?

ಬತ್ತಳಿಕೆ:

ನಿಲ್ಲಿಸಬೇಡಿ. ಕುಡ್ಲದವರ ಮಾತು ದುಡ್ಡು ಕೊಟ್ಟು ಕೊಳ್ಳುವಾಗ ಸರಿ. ಬಿಲ್ಲು ಆಗಲೇ ಮನೆಗೆ ಬಂದಿದ್ದರೆ ಇಷ್ಟು ಸಣ್ಣ ತಿರುಚು ಫೈಬರ್‌ಗ್ಲಾಸ್ ಬಿಲ್ಲಿನಲ್ಲಿ ಹೆಚ್ಚಿನ ಸಲ ಸರಿಹೋಗುತ್ತದೆ. ಬಿರುಕು ಬೇರೆ, ತಿರುಚು ಬೇರೆ. ಮೊದಲು ಕುಣಿಕೆ ಒಂದು ಬದಿಗೆ ವಾಲಿ ಕೂತಿದೆಯಾ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ಅದು ಸರಿ ಇದ್ದರೆ ಹೆದೆ ಏರಿಸಿದ ಬಿಲ್ಲಿನ ಕೆಳಗಿನ ಲಿಂಬ್ ಹಿಡಿದು, ಅದು ತಿರುಗಿರುವ ದಿಕ್ಕಿಗೆ ವಿರುದ್ಧವಾಗಿ ನಿಧಾನವಾಗಿ ತಿರುಚಿ, ಒಂದೆರಡು ನಿಮಿಷ ಹಾಗೇ ಹಿಡಿಯಿರಿ. ಸರಿಯಾದ ಜಾಗಕ್ಕಿಂತ ಕೂದಲೆಳೆಯಷ್ಟು ಆಚೆಗೇ ಹೋಗಲಿ, ಬಿಟ್ಟಾಗ ಸ್ವಲ್ಪ ವಾಪಸ್ ಬರುತ್ತದೆ. ದಿನಾ ಒಂದಿಷ್ಟು ಮಾಡಿ, ಬಿಟ್ಟು ನೋಡಿ. ಹಟ ಮಾಡಿದರೆ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಮತ್ತೆ ತಿರುಚಿ. ಹೀಟ್ ಗನ್ ಹತ್ತಿರವೂ ತರಬೇಡಿ.

ಆ ಎದ್ದ ನಾರಿಗೆ ತೆಳ್ಳಗಿನ ಸೂಪರ್ ಗ್ಲೂ ಒಂದು ಹನಿ ಬಿಡಿ, ತಾನೇ ಒಳಗೆ ಇಳಿಯುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ನಯವಾದ ಉಪ್ಪುಕಾಗದವನ್ನು ಒದ್ದೆ ಮಾಡಿ ಮೆಲ್ಲಗೆ ಉಜ್ಜಿ, ಧೂಳು ಏಳಬಾರದು, ಮಾಸ್ಕ್ ಹಾಕಿ. ಮರಕ್ಕೆ ಪೀಠೋಪಕರಣಗಳಿಗೆ ಹಾಕುವ ವ್ಯಾಕ್ಸ್ ಸಾಕು. ವಾರ್ನಿಶ್ ಪೂರ್ತಿ ಕೆರೆದು ಹೊಸದು ಬಳಿಯುವ ಆಸೆ ಬೇಡ, ಮೂಲ ಬರಹ ಅಳಿಸಿದರೆ ಹಳೆಯ ಬೇರ್‌ನ ಬೆಲೆಯೂ ಅಳಿಸುತ್ತದೆ.

ಇನ್ನು ಹೊಡೆಯುವ ವಿಷಯ. ಹೆದೆ ಏರಿಸಿ ಒಂದು ಗಂಟೆ ಹಾಗೇ ಬಿಡಿ, ಮತ್ತೆ ಅಂಚುಗಳನ್ನು ನೋಡಿ. ಆಮೇಲೆ ಕಾಲು ಭಾಗ ಎಳೆದು ನಿಧಾನವಾಗಿ ವಾಪಸ್ ತನ್ನಿ, ಕೆಲವು ಸಲ ಆದ ಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೆದೆ ಬಿಡಬೇಡಿ, ವಾಪಸ್ ತನ್ನಿ. ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ. ಹೆದೆಯಿಂದ ಹಿಡಿಯ ಆಳದ ಜಾಗಕ್ಕೆ ಇರುವ ದೂರ, ಅಂದರೆ ಬ್ರೇಸ್ ಹೈಟ್, ಈ ಬಿಲ್ಲಿಗೆ ಸುಮಾರು 7.5ರಿಂದ 8.5 ಇಂಚು. ಕಮ್ಮಿ ಇದ್ದರೆ ಹೆದೆ ಬಿಚ್ಚಿ ನಾಲ್ಕು ಸುತ್ತು ತಿರುವಿ ಮತ್ತೆ ಹಾಕಿ. ಹೊಸ ಡೇಕ್ರಾನ್ ಮೊದಮೊದಲು ಹಿಗ್ಗುತ್ತದೆ, ಹಾಗಾಗಿ ಆಗಾಗ ಅಳೆಯಬೇಕು.

ಬಳ್ಳಾರಿ_ಬಿಸಿಲು:

ಅಜ್ಜ ಕೊಟ್ಟ ಮರದ ಬಾಣಗಳ ಬಗ್ಗೆ ಯಾರೂ ಹೇಳಲಿಲ್ಲ. ಅವನ್ನು ಹೊಡೆಯಬೇಡಿ. ಹಳೆಯ ಮರದ ಬಾಣ ಬಿಡುವ ಹೊತ್ತಿಗೇ ಮುರಿದರೆ ಅದರ ಸೀಳು ನೇರ ಬಿಲ್ಲು ಹಿಡಿದ ಕೈಗೇ ಬರುತ್ತದೆ. ಹೊಸ ಬಾಣ ತಗೊಳ್ಳಿ, ಹಗುರದ್ದು ಬೇಡ. ಹಳೆಯ ಬಿಲ್ಲಿಗೆ ನಾನು ಪೌಂಡಿಗೆ 10 ಗ್ರೇನ್ ಲೆಕ್ಕ ಹಿಡಿಯುತ್ತೇನೆ, ನಿಮ್ಮ 45 ಪೌಂಡಿಗೆ 450 ಗ್ರೇನ್, ಅಂದರೆ ಸುಮಾರು 29 ಗ್ರಾಂ. ತೀರಾ ಹಗುರ ಬಾಣ ಹಾಕಿದರೆ ಬಾಣ ಇಲ್ಲದೆ ಬಿಟ್ಟಷ್ಟೇ ಕೆಟ್ಟದ್ದು.

45 ಅಂತ ಬರೆದಿರುವುದು 28 ಇಂಚು ಎಳೆದಾಗಿನ ತೂಕ. ನೀವು 26 ಇಂಚು ಎಳೆಯುವವರಾದರೆ ಕೈಗೆ ಬರುವುದು 40ರ ಆಸುಪಾಸು. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದ್ದರೆ ಅದನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಅಳತೆಗೆ ಎಳೆದು ನೋಡಿ, 18 ಕೆಜಿ ತೋರಿಸಿದರೆ 40 ಪೌಂಡ್. ಆದರೂ 25ರಿಂದ ಒಂದೇ ಸಲ 40 ಜಾಸ್ತಿ ಆಯಿತು. ಭುಜ ಹಿಡಿದುಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಕ್ಲಬ್ಬಿನಲ್ಲಿ ಮಧ್ಯೆ 30, 35 ಪೌಂಡಿನದ್ದು ಸಿಕ್ಕರೆ ಅದರಲ್ಲಿ ಕೈ ಪಳಗಿಸಿ, ಇದನ್ನು ದಿನಕ್ಕೆ ಐದಾರು ಬಾಣಕ್ಕೆ ಮಾತ್ರ ತೆಗೆಯಿರಿ.

ಮಿಷಿಗನ್_ಮಂಡ್ಯ:

ಕುಣಿಕೆ ಸರಿಯಾಗಿಯೇ ಕೂತಿದೆ, ತಿರುಚು ನಿಜ. ಬತ್ತಳಿಕೆ ಅವರು ಹೇಳಿದ ಹಾಗೆ ಕೈಯಲ್ಲಿ ತಿರುಚುತ್ತಿದ್ದೇನೆ, ಹೆದೆ ಈಗ ಜಾಡಿನ ನಡುವಿಗೆ ಹತ್ತಿರ ಬಂದಿದೆ. ಒಂದೇ ಪ್ರಶ್ನೆ ಉಳಿದಿದೆ. ಹೊಡೆದಾದ ಮೇಲೆ ಪ್ರತಿ ಸಲ ಹೆದೆ ಇಳಿಸಲೇಬೇಕಾ? ಕ್ಲಬ್ಬಿನಲ್ಲಿ ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಇಳಿಸದಿದ್ದರೆ ಮಹಾಪಾಪ ಅಂತಾರೆ.

ಕುಡ್ಲದ_ಗುರಿ:

ಬರೀ ಮರದ್ದಾದರೆ ಇಳಿಸಲೇಬೇಕು, ಇಲ್ಲದಿದ್ದರೆ ಬಾಗಿದಂತೆಯೇ ಉಳಿದುಬಿಡುತ್ತದೆ. ಫೈಬರ್‌ಗ್ಲಾಸ್ ಪದರ ಇದ್ದರೆ ಕೆಲವು ದಿನ ಏರಿಸಿಯೇ ಇಟ್ಟರೂ ಏನೂ ಆಗುವುದಿಲ್ಲ. ನಿಮ್ಮದರಲ್ಲಿ ತಿರುಚು ಸರಿ ಮಾಡುವಷ್ಟು ದಿನ ಏರಿಸಿಯೇ ಇಡಿ, ಪದೇ ಪದೇ ಏರಿಸಿ ಇಳಿಸುವಾಗಲೇ ಮತ್ತೆ ತಿರುಚಿಕೊಳ್ಳುವುದು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಹೆದೆ ಏರಿಸಿದ ಬಿಲ್ಲು ಕಂಡರೆ ಎಳೆದು ಬಿಡದ ಮಗು ನಾನಂತೂ ನೋಡಿಲ್ಲ. ಹೆದೆಗೆ ಜೇನುಮೇಣ ಸವರುವಾಗ ನಡುವೆ ದಾರ ಸುತ್ತಿರುವ ಭಾಗವನ್ನು ಬಿಟ್ಟು ಸವರಿ.