ಸಭಾಪಾಲಕರ ಸ್ವಂತ ದುಡಿಮೆಯೂ ಸಭೆಯ ಲೆಕ್ಕವೂ

ಕರಾವಳಿಯ ಓದುಗ: ಬೈಬಲಿನಲ್ಲಿ ಕಾಣುವಂತೆ, ಕ್ರಿಸ್ತನ ಅಪೊಸ್ತಲನಾದ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳೊಂದಿಗೆ ಗುಡಾರ ಮಾಡುವ ಕಸುಬು ಮಾಡಿಕೊಂಡಿದ್ದನು. ಎಫೆಸದ ಹಿರಿಯರನ್ನು ಬೀಳ್ಕೊಡುವಾಗ, ತಾನು ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲವೆಂದೂ ತನ್ನ ಕೈಗಳೇ ತನ್ನ ಮತ್ತು ಜೊತೆಯವರ ಕೊರತೆಯನ್ನು ನೀಗಿಸಿದವೆಂದೂ ಹೇಳಿದನು. ನಮ್ಮ ಚರ್ಚುಗಳ ಸಭಾಪಾಲಕರೂ ಸ್ವಂತ ದುಡಿಮೆಯಲ್ಲಿ ಬದುಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ಬೋಧಕರ ಮಗಳ ಕಾಲೇಜು ಶುಲ್ಕವನ್ನು ಧನಿಕ ಸದಸ್ಯರೊಬ್ಬರು ಕಟ್ಟಿದ್ದರೆ, ಆ ಸದಸ್ಯರ ವ್ಯವಹಾರ ತಪ್ಪೆಂದು ಹೇಳಲು ಆ ಬೋಧಕರಿಗೆ ನಾಲಿಗೆ ಏಳುತ್ತದೆಯೇ?

ಹಳ್ಳಿಯ ಸಭಾಪಾಲಕ: ಸಹೋದರರೇ, ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕೆಂದು ಕರ್ತನಾದ ಯೇಸು ನೇಮಿಸಿದ್ದಾನೆಂದು ಕೊರಿಂಥದವರಿಗೆ ಬರೆದವನೂ ಅದೇ ಪೌಲನು, ಆ ಹಕ್ಕನ್ನು ಅವನು ತನಗಾಗಿ ಬಳಸಲಿಲ್ಲ, ಅಷ್ಟೆ. ಫಿಲಿಪ್ಪಿಯವರ ಸಹಾಯವನ್ನು ಸಂತೋಷದಿಂದ ಪಡೆದನು, ಕೊರಿಂಥದವರದನ್ನು ಬೇಡವೆಂದನು. ಯಾರಿಂದ ಪಡೆಯಬೇಕು, ಯಾರಿಂದ ಪಡೆಯಬಾರದು ಎಂಬ ವಿವೇಚನೆಯನ್ನು ನಾನು ಅಲ್ಲಿ ಕಾಣುತ್ತೇನೆ. ಮೂರು ಊರುಗಳ ಆರಾಧನೆ, ನಡುರಾತ್ರಿಯ ಆಸ್ಪತ್ರೆಯ ಓಡಾಟ, ಶವಸಂಸ್ಕಾರ ಇವುಗಳ ನಡುವೆ ಅಂಗಡಿಯನ್ನೂ ಇಟ್ಟರೆ, ಒಂದೋ ಅಂಗಡಿ ಮುಚ್ಚುತ್ತದೆ, ಇಲ್ಲವೇ ಸಭೆ ಸೊರಗುತ್ತದೆ.

ಸಭಾ ಇತಿಹಾಸದ ವಿದ್ಯಾರ್ಥಿನಿ: ಸ್ವಂತ ದುಡಿಮೆಯಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬಂಗಾಳದ ಶ್ರೀರಾಂಪುರದ ಬ್ಯಾಪ್ಟಿಸ್ಟ್ ಮಿಷನ್ನಿನ ಇತಿಹಾಸವನ್ನು ನೋಡಬೇಕು. ಅಲ್ಲಿನ ಮಿಷನರಿ ವಿಲಿಯಂ ಕೇರಿ 1801ರಿಂದ ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಪಡೆದ ಸಂಬಳ, ಜೊತೆಯ ಮಿಷನರಿಗಳಾದ ಮಾರ್ಷ್‌ಮನ್ ದಂಪತಿಗಳ ವಸತಿ ಶಾಲೆಯ ಆದಾಯ, ಇನ್ನೊಬ್ಬ ಮಿಷನರಿ ವಾರ್ಡ್ ನೋಡಿಕೊಳ್ಳುತ್ತಿದ್ದ ಮುದ್ರಣಾಲಯದ ಆದಾಯ ಇವೆಲ್ಲ ಮಿಷನ್ನಿನ ಸಾಮಾನ್ಯ ನಿಧಿಗೆ ಸೇರುತ್ತಿದ್ದವು. ಮನೆಖರ್ಚಿಗೆ ಅವರು ಇಟ್ಟುಕೊಳ್ಳುತ್ತಿದ್ದುದು ಸ್ವಲ್ಪವೇ. ಇಷ್ಟು ನಿಸ್ವಾರ್ಥಿಗಳಾಗಿದ್ದರೂ, ಅಲ್ಲಿನ ಆಸ್ತಿಯ ಹತೋಟಿ ಯಾರದೆಂಬ ವಿವಾದ ಅವರನ್ನು ಕಳುಹಿಸಿದ್ದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸಂಘದೊಂದಿಗೆ ವರ್ಷಗಟ್ಟಲೆ ನಡೆದು, 1827ರಲ್ಲಿ ಸಂಬಂಧವೇ ಕಡಿದುಹೋಯಿತು. ನಾವೇ ದುಡಿದದ್ದೆಂಬ ಭಾವನೆ ಬಂದ ಮೇಲೆ ಲೆಕ್ಕ ಕೇಳುವವರು ಹೊರಗಿನವರಾಗಿ ಕಾಣುತ್ತಾರೆ.

ಕರಾವಳಿಯ ಓದುಗ: ಸಹೋದರಿ, ಕೇರಿಯವರು ಆ ಹಣದಿಂದ ಸ್ವಂತಕ್ಕೆ ಆಸ್ತಿ ಮಾಡಿಕೊಂಡವರಲ್ಲ. ನಿಮ್ಮ ಉದಾಹರಣೆ ನನ್ನ ಮಾತನ್ನೇ ಬಲಪಡಿಸುತ್ತದೆ.

ಸಭಾ ಇತಿಹಾಸದ ವಿದ್ಯಾರ್ಥಿನಿ: ಕೇರಿಯವರ ಮೇಲೆ ನನಗೆ ಸಂದೇಹವಿಲ್ಲ. ಅಂಥ ಗುಣವಿಲ್ಲದವರು ಅದೇ ಸ್ಥಾನದಲ್ಲಿ ಕುಳಿತಾಗ, ಅವರನ್ನು ಪ್ರಶ್ನಿಸುವ ಅಧಿಕಾರ ಸಭೆಗೆ ಉಳಿದಿರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮಾಜಿ ಖಜಾಂಚಿ: ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧನವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ, ಯಾರೂ ತಪ್ಪು ಹೊರಿಸದಂತೆ ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡನು. ಈ ಚರ್ಚೆಗೆ ಗುಡಾರಕ್ಕಿಂತ ಇದೇ ಮುಖ್ಯವೆಂದು ನಾನು ನಂಬುತ್ತೇನೆ. ನಮ್ಮಲ್ಲಿ ಆರಾಧನೆ ಮುಗಿದ ಕೂಡಲೇ ಇಬ್ಬರು ಕುಳಿತು ಕಾಣಿಕೆ ಎಣಿಸಿ, ನೋಟು, ಚಿಲ್ಲರೆಗಳನ್ನು ಬೇರೆಬೇರೆಯಾಗಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ, ಅಲ್ಲಿ ತೊಂದರೆಯಿಲ್ಲ. ಬಾಗಿಲ ಬಳಿ ಕೈಕುಲುಕುವಾಗ ಅಯ್ಯನವರ (ಸಭಾಪಾಲಕರ) ಜೇಬು ಸೇರುವ ಹಣದ ಕವರಿಗೆ ಮಾತ್ರ ಯಾವ ಪುಸ್ತಕವೂ ಇಲ್ಲ. ಅದಕ್ಕೂ ರಸೀದಿ ಬೇಕು. ಜೊತೆಗೆ, ಸಂಬಳವನ್ನು ತಿಂಗಳುಗಟ್ಟಲೆ ತಡಮಾಡಿ ಕವರನ್ನು ಮುಟ್ಟಬೇಡಿ ಎಂದು ಹೇಳುವ ಅಧಿಕಾರ ಯಾವ ಕಮಿಟಿಗೂ ಇಲ್ಲ.

ಹಳ್ಳಿಯ ಸಭಾಪಾಲಕ: ರಸೀದಿಗೆ ನನ್ನ ಒಪ್ಪಿಗೆಯಿದೆ. ಆದರೆ ಕಷ್ಟದಲ್ಲಿರುವವರಿಗೆ ತಲುಪಿಸಿ ಎಂದು ಗುಟ್ಟಾಗಿ ಕೊಡುವವರಿದ್ದಾರೆ. ಕೊಟ್ಟವರ, ಪಡೆದವರ ಹೆಸರುಗಳನ್ನು ವಾರ್ಷಿಕ ಸಭೆಯಲ್ಲಿ ಓದಿದರೆ ಬಡವರ ಮಾನ ಹೋಗುತ್ತದೆ.

ಮಾಜಿ ಖಜಾಂಚಿ: ಹೆಸರು ಬೇಡ ಅಯ್ಯನವರೇ. ದಿನಾಂಕ, ಮೊತ್ತ ಮತ್ತು ನಿಮ್ಮ ಸಹಿಯ ಪಕ್ಕದಲ್ಲಿ ಇನ್ನೊಬ್ಬರ ಸಹಿ ಇದ್ದರೆ ಸಾಕು.